ಮೈಲುತುತ್ತದಿಂದ ರುಥೇನಿಯಂವರೆಗೆ: ಲೋಹದ ಬಣ್ಣ ಹಾಕಿ ಸೋಲಾರ್ ಸೆಲ್ ಮಾಡುವ ಸಮಗ್ರ ಮಾರ್ಗದರ್ಶಿ

ಮಲೆನಾಡಿನಲ್ಲಿ ಅಡಿಕೆ ತೋಟ ಇರುವ ಮನೆ ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಲ್ಲ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಆ ಚೀಲದ ತಳದಲ್ಲಿ ಉಳಿದ ಒಂದು ಚಿಟಿಕೆ ನೀಲಿ ಹರಳು ಸಾಕು. ಪಾಲಕ್ ಸೊಪ್ಪಿನ ಹಸಿರಿಗೆ ಅದನ್ನು ಕೂಡಿಸಿದರೆ ಬೆಳಕು ಹೀರುವ ಲೋಹದ ಬಣ್ಣ ಸಿಗುತ್ತದೆ. ಆ ಬಣ್ಣದಿಂದ ಸೋಲಾರ್ ಸೆಲ್ ಮಾಡಬಹುದು. ಕರೆಂಟು ಸ್ವಲ್ಪವೇ ಬರುತ್ತದೆ. ಆದರೆ ಯಾಕೆ ಸ್ವಲ್ಪ ಬಂತು ಅನ್ನುವುದು ಕಣ್ಣಿಗೇ ಕಾಣುತ್ತದೆ, ನನಗೆ ಈ ಕೆಲಸ ಇಷ್ಟವಾಗುವುದು ಅದಕ್ಕೇ.

ಶಿವಮೊಗ್ಗ, ಶಂಕರಘಟ್ಟ ಕಡೆ ಓದುವ ಬಿಎಸ್ಸಿ, ಎಂಎಸ್ಸಿ ಹುಡುಗರು ಡೈ ಸೆನ್ಸಿಟೈಸ್ಡ್ ಸೋಲಾರ್ ಸೆಲ್ (ಬಣ್ಣ ಬೆಳಕು ಹೀರಿ ಕರೆಂಟು ಕೊಡುವ ಸೆಲ್) ಪ್ರಾಜೆಕ್ಟ್ ತೆಗೆದುಕೊಂಡರೆ ಮೊದಲು ಕೈ ಹಾಕುವುದು ನೇರಳೆ ಹಣ್ಣು, ಮುರುಗಲು, ದಾಸವಾಳಕ್ಕೆ. ತಪ್ಪೇನಿಲ್ಲ. ಆ ಕೆಂಪು ನೇರಳೆ ಬಣ್ಣ ಟೈಟಾನಿಯಂ ಡೈಆಕ್ಸೈಡ್ ಪುಡಿಗೆ (ಮುಂದೆ ಬರೀ ಟೈಟಾನಿಯಂ ಅನ್ನುತ್ತೇನೆ) ಚೆನ್ನಾಗಿ ಅಂಟುತ್ತದೆ, ಮಲ್ಟಿಮೀಟರಿನಲ್ಲಿ ವೋಲ್ಟೇಜೂ ಕಾಣುತ್ತದೆ. ಆದರೆ ಈ ಸೆಲ್‌ಗಳ ನಿಜವಾದ ಕಥೆ ಶುರುವಾಗಿದ್ದು ಲೋಹದ ಬಣ್ಣದಿಂದ. ಹಾಗಾಗಿ ಇಲ್ಲಿ ಎರಡು ದಾರಿ ಹೇಳುತ್ತೇನೆ. ಒಂದು, ಸೊಪ್ಪಿನ ಹಸಿರಿಗೆ ತಾಮ್ರ ಅಥವಾ ಸತು ಕೂರಿಸುವುದು. ಇದಕ್ಕೆ ದುಡ್ಡು ಹೆಚ್ಚು ಬೇಕಿಲ್ಲ. ಇನ್ನೊಂದು, ಲ್ಯಾಬ್ ಇದ್ದವರಿಗೆ ರುಥೇನಿಯಂ ಅನ್ನುವ ಲೋಹದ ಬಣ್ಣ. ಗಾಜು, ಪೇಸ್ಟು, ಜೋಡಣೆ ಎಲ್ಲ ಎರಡಕ್ಕೂ ಒಂದೇ.

ಒಳಗೆ ನಡೆಯುವುದೇನು

ಟೈಟಾನಿಯಂ ಡೈಆಕ್ಸೈಡ್ ಅಂದರೆ ಗೋಡೆಗೆ ಹೊಡೆಯುವ ಬಿಳಿ ಪೇಂಟಿನಲ್ಲಿರುವ ಪುಡಿ. ಅದು ಬೆಳ್ಳಗಿದೆ ಅಂದರೆ ಕಣ್ಣಿಗೆ ಕಾಣುವ ಬೆಳಕನ್ನು ಹೀರುವುದೇ ಇಲ್ಲ ಅಂತ ಅರ್ಥ, ಅದಕ್ಕೆ ಬೇಕಾದ್ದು 3.2 ಎಲೆಕ್ಟ್ರಾನ್ ವೋಲ್ಟಾದರೂ ಶಕ್ತಿ ಇರುವ ಯುವಿ (ನೇರಳಾತೀತ) ಬೆಳಕು. ಬಣ್ಣದ ಕೆಲಸ ಇರುವುದು ಇಲ್ಲೇ. ಬಣ್ಣದ ಅಣು ಬೆಳಕು ಹೀರಿ ತನ್ನ ಎಲೆಕ್ಟ್ರಾನನ್ನು ಮೇಲಕ್ಕೆತ್ತಿ ಟೈಟಾನಿಯಂಗೆ ದಾಟಿಸುತ್ತದೆ. ಎಲೆಕ್ಟ್ರಾನ್ ಗಾಜಿಗೆ ಬಂದು ತಂತಿಯಲ್ಲಿ ಹರಿದು ಇನ್ನೊಂದು ಗಾಜಿಗೆ ಹೋಗುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಬಣ್ಣಕ್ಕೆ ನಡುವಿನ ಅಯೋಡಿನ್ ದ್ರಾವಣ ತನ್ನ ಎಲೆಕ್ಟ್ರಾನ್ ಕೊಟ್ಟು ಮೊದಲಿನ ಹಾಗೆ ಮಾಡುತ್ತದೆ. ಇಷ್ಟೇ ಸುತ್ತು.

ಬಣ್ಣ ಕಡುವಾಗಿದ್ದರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಕತ್ತಿ ಕಪ್ಪಾಗುವುದು ನೋಡಿದ್ದೀರಲ್ವಾ? ಅಡಿಕೆ ಚೊಗರಿಗೆ ತುಕ್ಕು ಹಿಡಿದ ಮೊಳೆ ಹಾಕಿದರೂ ಅಷ್ಟೇ, ಮಸಿಯ ಹಾಗಾಗುತ್ತದೆ. ಕಾಯಿಯ ಒಗರಿಗೆ ಕಬ್ಬಿಣ ಸೇರಿದಾಗ ಆಗುವ ಬಣ್ಣ ಅದು. ಅಷ್ಟು ಕಪ್ಪಾದ ಬಣ್ಣ ಬೆಳಕನ್ನೆಲ್ಲಾ ನುಂಗುತ್ತದೆ, ಆದರೆ ಸೆಲ್‌ಗೆ ಹಾಕಿದರೆ ಹೇಳಿಕೊಳ್ಳುವಷ್ಟು ಕರೆಂಟು ಬರುವುದಿಲ್ಲ. ಕಬ್ಬಿಣದ ಸಾಮಾನ್ಯ ಸಂಯುಕ್ತಗಳಲ್ಲಿ ಮೇಲೆದ್ದ ಎಲೆಕ್ಟ್ರಾನ್ ಒಂದು ಸೆಕೆಂಡಿನ ಲಕ್ಷ ಕೋಟಿ ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಲೋಹದ ಒಳಗೇ ಕುಸಿದುಬಿಡುತ್ತದೆ, ದಾಟುವುದಕ್ಕೆ ಪುರುಸೊತ್ತೇ ಇಲ್ಲ. ಇದನ್ನು ಮೀರುವುದಕ್ಕೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಕಬ್ಬಿಣದ ಸುತ್ತ ಕಾರ್ಬೀನ್ ಅನ್ನುವ ಗುಂಪುಗಳನ್ನು ಕಟ್ಟಬೇಕಾಯಿತು. 2015ರಲ್ಲಿ ಅವರ ಬಣ್ಣ ಹೀರಿದ ಬೆಳಕಿನ ನೂರಕ್ಕೆ 92 ಪಾಲನ್ನು ಟೈಟಾನಿಯಂಗೆ ಎಲೆಕ್ಟ್ರಾನ್ ಆಗಿ ದಾಟಿಸಿತು.

ಬಣ್ಣ ಆರಿಸುವಾಗ ನಾನು ಮೂರು ವಿಷಯ ನೋಡುತ್ತೇನೆ. ಹೀರಿದ ಬೆಳಕನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದಾ? ಟೈಟಾನಿಯಂಗೆ ಅಂಟಿಕೊಳ್ಳುವ ಕಾರ್ಬಾಕ್ಸಿಲ್ ಗುಂಪು ಇದೆಯಾ? ಎಲೆಕ್ಟ್ರಾನ್ ಮೇಲೇಳುವ ದಿಕ್ಕು ಟೈಟಾನಿಯಂ ಕಡೆಗಿದೆಯಾ? ಬಣ್ಣ ಎಷ್ಟು ಗಾಢ ಅನ್ನುವುದು ಇವೆಲ್ಲ ಆದ ಮೇಲೆ.

ರುಥೇನಿಯಂ ಗೆದ್ದಿದ್ದು ಈ ಮೂರರಲ್ಲೂ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಬ್ರಯನ್ ಓ'ರೀಗನ್ ಮತ್ತು ಮೈಕೆಲ್ ಗ್ರೆಟ್ಸೆಲ್ 1991ರಲ್ಲಿ ಪ್ರಕಟಿಸಿದ ಸೆಲ್ ನೂರಕ್ಕೆ 7ಕ್ಕಿಂತ ಸ್ವಲ್ಪ ಜಾಸ್ತಿ ದಕ್ಷತೆ ಕೊಟ್ಟಿತು. 1993ರಲ್ಲಿ ಅದೇ ಗುಂಪಿನ ಮೊಹಮ್ಮದ್ ಖಾಜಾ ನಜೀರುದ್ದೀನ್ ಮತ್ತವರ ಜೊತೆಯವರು ಎನ್3 ಎಂಬ ಬಣ್ಣದಿಂದ 10ರ ಹತ್ತಿರ ತಂದರು. ನಜೀರುದ್ದೀನ್ ಓದಿದ್ದು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಎನ್3ರ ನಾಲ್ಕು ಪ್ರೋಟಾನ್‌ಗಳಲ್ಲಿ ಎರಡನ್ನು ಟೆಟ್ರಾಬ್ಯುಟೈಲ್ ಅಮೋನಿಯಂಗೆ ಬದಲಿಸಿದರೆ ಅದೇ ಎನ್719, ಇವತ್ತಿಗೂ ಹೊಸ ಬಣ್ಣವನ್ನು ಹೋಲಿಸಿ ನೋಡುವುದು ಇದರ ಜೊತೆಗೇ. ಇದರಲ್ಲಿ ಬೆಳಕು ಬಿದ್ದ ಕೂಡಲೇ ಎಲೆಕ್ಟ್ರಾನ್ ರುಥೇನಿಯಂನಿಂದ ಪಕ್ಕದ ಬೈಪಿರಿಡೀನ್ ಉಂಗುರಕ್ಕೆ ಹೋಗುತ್ತದೆ. ಟೈಟಾನಿಯಂಗೆ ಅಂಟಿರುವುದೂ ಅದೇ ಉಂಗುರ. ಅಂದರೆ ಎಲೆಕ್ಟ್ರಾನ್ ಬಾಗಿಲ ಹತ್ತಿರವೇ ಬಂದು ನಿಂತ ಹಾಗೆ.

ಗಾಜು

ಬೇಕಾದ್ದು ಎಫ್‌ಟಿಓ ಗಾಜು, ಅಂದರೆ ಒಂದು ಮುಖಕ್ಕೆ ಫ್ಲೋರಿನ್ ಬೆರೆತ ತವರದ ಆಕ್ಸೈಡ್ ಲೇಪಿಸಿದ್ದು. ಚದರಕ್ಕೆ 7ರಿಂದ 15 ಓಮ್ ಇರುವುದನ್ನು ತರಿಸಿ. ಐಟಿಓ (ಇಂಡಿಯಂ ತವರದ ಆಕ್ಸೈಡ್ ಲೇಪಿಸಿದ ಗಾಜು) ಅಗ್ಗಕ್ಕೆ ಸಿಕ್ಕಿದರೂ ಬೇಡ, ಒಲೆಯಲ್ಲಿ ಕಾಯಿಸಿದರೆ ಅದರ ರೆಸಿಸ್ಟೆನ್ಸ್ ಏರಿಬಿಡುತ್ತದೆ. 2.5 ಸೆಂ.ಮೀ. ಚೌಕದ ತುಂಡು ಕೈಗೆ ಹಿತ. ಸೋಪಿನ ನೀರು, ಶುದ್ಧ ನೀರು, ಕೊನೆಗೆ ಆಲ್ಕೋಹಾಲ್, ಈ ಕ್ರಮದಲ್ಲಿ ತೊಳೆಯಿರಿ. ತೊಳೆದ ಮೇಲೆ ಅಂಚು ಹಿಡಿದೇ ಎತ್ತಬೇಕು, ಬೆರಳಿನ ಎಣ್ಣೆ ತಾಗಿದ ಜಾಗದಲ್ಲಿ ಪೇಸ್ಟ್ ಹಿಡಿಯುವುದಿಲ್ಲ. ಲೇಪನ ಯಾವ ಕಡೆ ಅಂತ ಕಣ್ಣಿಗೆ ತಿಳಿಯದು, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ನೋಡಿ. ಹತ್ತು ಇಪ್ಪತ್ತು ಓಮ್ ತೋರಿಸಿದ ಮುಖವೇ ಲೇಪನದ್ದು.

ಬಿಳಿ ಪೇಸ್ಟು

ಪಿ25 ಅನ್ನುವ ಹೆಸರಿನ ಟೈಟಾನಿಯಂ ಡೈಆಕ್ಸೈಡ್ ಪುಡಿ ಒಳ್ಳೆಯದು, ಕಣಗಳು ಸುಮಾರು 21 ನ್ಯಾನೋಮೀಟರ್. ಪೇಂಟ್ ಅಂಗಡಿಯ ಪುಡಿ ಆಗುವುದಿಲ್ಲ, ಅದರ ಕಣ ಇದರ ಹತ್ತುಪಟ್ಟು ದೊಡ್ಡದು. ಪುಡಿ ತೂಗುವಾಗ ಮಾಸ್ಕ್ ಹಾಕಿ.

6 ಗ್ರಾಂ ಪುಡಿಯನ್ನು ಪಿಂಗಾಣಿ ಕಲ್ಬತ್ತಕ್ಕೆ ಹಾಕಿ. ಪಿಎಚ್ 3ರಿಂದ 4 ಇರುವ ಅಸಿಟಿಕ್ ಆಮ್ಲದ ನೀರು 9 ಮಿ.ಲೀ. ತೆಗೆದುಕೊಳ್ಳಿ. ಒಮ್ಮೆಗೇ ಸುರಿಯಬೇಡಿ, ಒಂದೊಂದು ಮಿ.ಲೀ. ಹಾಕುತ್ತಾ ಅರೆಯಿರಿ. ಅರ್ಧ ಗಂಟೆ ಹಿಡಿಯುತ್ತದೆ. ಮೊದಲು ಗಂಟುಗಂಟಾಗಿ ಒರಳಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ದೋಸೆ ಹಿಟ್ಟಿನ ಹದಕ್ಕೆ ಬಂದು ಹೊಳಪು ಬರುತ್ತದೆ. ಆಗ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ನೊರೆ ಏಳದ ಹಾಗೆ ಮೆಲ್ಲಗೆ ಕಲಸಿ, ಹತ್ತು ನಿಮಿಷ ಬಿಡಿ.

ಗಾಜಿನ ಲೇಪನದ ಮುಖ ಮೇಲೆ ಮಾಡಿ ಮೂರು ಅಂಚಿಗೆ ಸೆಲ್ಲೋಟೇಪ್ ಅಂಟಿಸಿ. ಟೇಪಿನ ದಪ್ಪವೇ ನಿಮ್ಮ ಅಳತೆ. ಒಂದು ಕಡೆ ಎರಡು ಮೂರು ಹನಿ ಪೇಸ್ಟ್ ಇಟ್ಟು ಗಾಜಿನ ಕಡ್ಡಿಯಿಂದ ಒಂದೇ ಸಲ ಎಳೆಯಿರಿ. ಹಿಂದೆ ಮುಂದೆ ಉಜ್ಜಿದರೆ ಗೆರೆ ಬೀಳುತ್ತದೆ. ಸುಟ್ಟ ಮೇಲೆ ಪದರ 10ರಿಂದ 12 ಮೈಕ್ರಾನ್ ಉಳಿದರೆ ಸರಿಯಾದ ದಪ್ಪ.

ಸುಡುವುದು

450 ಡಿಗ್ರಿ ಸೆಲ್ಸಿಯಸ್, 30 ನಿಮಿಷ. ಕಾಲೇಜಿನ ಮಫಲ್ ಫರ್ನೇಸ್ ಸಿಕ್ಕಿದರೆ ಯೋಚನೆಯೇ ಇಲ್ಲ, ನಿಮಿಷಕ್ಕೆ 10 ಡಿಗ್ರಿಯಂತೆ ಏರಿಸಿ. ಪದರವನ್ನೇ ನೋಡುತ್ತಾ ಇರಿ. ಬಿಳಿ ಇದ್ದದ್ದು ನಿಧಾನಕ್ಕೆ ಚಹಾ ಚೆಲ್ಲಿದ ಹಾಗೆ ಕಂದಾಗುತ್ತದೆ, ಒಳಗಿದ್ದ ಸೋಪು ಕರಕಲಾಗುವುದು ಅದು. ಎಷ್ಟೋ ಜನ ಕೆಟ್ಟುಹೋಯಿತು ಅಂತ ಇಲ್ಲೇ ಆರಿಸಿಬಿಡುತ್ತಾರೆ. ಇನ್ನೂ ಬಿಡಿ. ಕಂದು ಪೂರ್ತಿ ಹೋಗಿ ಮತ್ತೆ ಬೆಳ್ಳಗಾದ ಮೇಲೆ ಕಣಕ್ಕೆ ಕಣ ಬೆಸೆದಿರುತ್ತದೆ. ತಣಿಯುವುದಕ್ಕೂ ಅಷ್ಟೇ ಹೊತ್ತು ಕೊಡಿ, ಇಲ್ಲದಿದ್ದರೆ ಗಾಜು ಟಪ್ ಅಂತ ಸೀಳುತ್ತದೆ.

ಈ ಸುಟ್ಟ ಪದರ ಸ್ಪಂಜಿನ ಹಾಗೆ. ಸಪಾಟು ಮೇಲ್ಮೈಗೆ ಬಣ್ಣ ಅಣು ಒಂದರ ಪಕ್ಕ ಒಂದು ಕೂತರೂ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲೂ ಹೀರುವುದಿಲ್ಲ. 10 ಮೈಕ್ರಾನ್ ಸ್ಪಂಜಿನ ಒಳಗೆ ಸುಮಾರು 1000 ಪಟ್ಟು ಜಾಗ ಇದೆ. ಲೆಕ್ಕ ಹಾಕಿ ನೋಡಿ: ಎನ್719ರ ಮೋಲಾರ್ ಹೀರುವಿಕೆ 535 ನ್ಯಾನೋಮೀಟರ್ ಬಳಿ ಸುಮಾರು 14,000 (ಪ್ರತಿ ಮೋಲಾರ್, ಪ್ರತಿ ಸೆಂ.ಮೀ.ಗೆ). ಒಂದು ಚದರ ಸೆಂ.ಮೀ. ಪದರಕ್ಕೆ ಒಂದು ಮೋಲಿನ ಕೋಟಿಯಲ್ಲೊಂದು ಭಾಗ ಬಣ್ಣ ಅಂಟಿದರೆ ಹೀರುವಿಕೆ 1.4 ಬರುತ್ತದೆ, ಅಂದರೆ ಆ ಬಣ್ಣದ ಬೆಳಕಿನಲ್ಲಿ ನೂರಕ್ಕೆ 96 ಪಾಲು ಒಳಗೇ ಉಳಿಯಿತು. ಸಪಾಟು ಗಾಜಾಗಿದ್ದರೆ 0.0014 ಅಷ್ಟೇ. 1991ರ ಆ ಕೆಲಸದ ಜೀವಾಳವೇ ಈ ಸ್ಪಂಜು, ಬಣ್ಣದಷ್ಟೇ ದೊಡ್ಡ ಮಾತು ಇದು.

ಸೊಪ್ಪಿನಿಂದ ಲೋಹದ ಬಣ್ಣ

ಸೊಪ್ಪಿನ ಹಸಿರಿನ ನಡುವೆ ಮೆಗ್ನೀಸಿಯಂ ಇದೆ. ಸೊಪ್ಪಿನ ಪಲ್ಯಕ್ಕೆ ಹುಳಿ ಬಿದ್ದರೆ ಹಸಿರು ಮಂಕಾಗುತ್ತದಲ್ಲ, ಆಮ್ಲ ಆ ಮೆಗ್ನೀಸಿಯಂ ಕಿತ್ತು ಹಾಕಿದ್ದು ಅದು. ಖಾಲಿಯಾದ ಆ ಜಾಗಕ್ಕೆ ತಾಮ್ರ ಬಂದು ಕೂತರೆ ಹಸಿರು ಮತ್ತೆ ಬರುತ್ತದೆ, ಮೊದಲಿಗಿಂತ ಗಾಢವಾಗಿ. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಹುಳಿ ಪದಾರ್ಥ ಮಾಡಬಾರದು ಅಂತ ಹಿರಿಯರು ಹೇಳುವುದು ಹೀಗೆ ತಾಮ್ರ ಕರಗಿ ಅಡುಗೆಗೆ ಸೇರುತ್ತದೆ ಅಂತಲೇ. ನಾವೀಗ ಬೇಕೆಂದೇ ಅದನ್ನು ಮಾಡುತ್ತೇವೆ. ಪಾತ್ರೆ, ಚಮಚ ಎಲ್ಲ ಬೇರೆ ಇಡಿ, ಅಡುಗೆಗೆ ಮತ್ತೆ ಬಳಸಬೇಡಿ.

ಪಾಲಕ್ ಸೊಪ್ಪನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ. ಬಸಳೆ ಬೇಡ, ಅದರ ಲೋಳೆ ಸೋಸಲು ಬಿಡುವುದಿಲ್ಲ. 5 ಗ್ರಾಂ ಪುಡಿಗೆ 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಕತ್ತಲಲ್ಲಿ ಎರಡು ಗಂಟೆ ಇಟ್ಟು, ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿ. ಇದರಲ್ಲಿ ಸ್ವಲ್ಪ ತೆಗೆದು ಸೊನ್ನೆ ನಂಬರಿನ ಶೀಷೆಗೆ ಹಾಕಿಡಿ.

ಮೊದಲು ಬಾಲ ಕತ್ತರಿಸಬೇಕು. ಹಸಿರಿನ ಅಣುವಿಗೆ ಫೈಟಾಲ್ ಅನ್ನುವ ಉದ್ದದ ಕೊಬ್ಬಿನ ಬಾಲ ಇದೆ, ಅದು ಇರುವ ತನಕ ಟೈಟಾನಿಯಂಗೆ ಸರಿಯಾಗಿ ಅಂಟುವುದಿಲ್ಲ. 1 ಗ್ರಾಂ ಕಾಸ್ಟಿಕ್ ಸೋಡಾವನ್ನು 3 ಮಿ.ಲೀ. ನೀರಿನಲ್ಲಿ ಕರಗಿಸಿ ಸೇರಿಸಿ, ಬಿಸಿ ನೀರಿನ ಪಾತ್ರೆಯಲ್ಲಿ 60 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ. ಒಲೆ ಆರಿಸಿದ ಮೇಲೆ ಇಡಿ, ಆಲ್ಕೋಹಾಲಿನ ಆವಿಗೆ ಬೆಂಕಿ ಹತ್ತುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಬಾಲ ಹೋದ ಜಾಗದಲ್ಲಿ ಕಾರ್ಬಾಕ್ಸಿಲ್ ಗುಂಪು ಉಳಿಯುತ್ತದೆ, ಅದೇ ನಮ್ಮ ಅಂಟು.

ತಣಿದ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿ ಹನಿಯಾಗಿ ಬಿಡಿ. ಪಿಎಚ್ ಪೇಪರ್ 4ರ ಹತ್ತಿರ ತೋರಿಸುವ ಹೊತ್ತಿಗೆ ಹಸಿರು ಹೋಗಿ ಒಣ ಎಲೆಯ ಬಣ್ಣ ಬರುತ್ತದೆ. ತಳದಲ್ಲಿ ಉಪ್ಪು ಕೂತರೆ ಸೋಸಿ. ಈಗ ಮೂರು ಶೀಷೆಗೆ ಸಮ ಹಂಚಿ. ಒಂದನೆಯದು ಹಾಗೇ ಇರಲಿ. ಎರಡನೆಯದಕ್ಕೆ ಅಕ್ಕಿ ಕಾಳಿನಷ್ಟು ಮೈಲುತುತ್ತವನ್ನು ಅರ್ಧ ಚಮಚ ವಿನೆಗರಿನಲ್ಲಿ ಕರಗಿಸಿ ಹಾಕಿ. ಮೂರನೆಯದಕ್ಕೆ ಸತು. ಗೊಬ್ಬರದ ಅಂಗಡಿಯ ಜಿಂಕ್ ಸಲ್ಫೇಟ್ ನಡೆಯುತ್ತದೆ, ಆದರೆ ಆಮ್ಲ ಇದ್ದರೆ ಸತು ಕೂರುವುದಿಲ್ಲ. ಅದಕ್ಕೆ ಒಂದು ಚಮಚ ವಿನೆಗರಿಗೆ ಗುಳ್ಳೆ ನಿಲ್ಲುವ ತನಕ ಅಡುಗೆ ಸೋಡಾ ಹಾಕಿ, ಆ ನೀರಿನಲ್ಲಿ ಜಿಂಕ್ ಸಲ್ಫೇಟ್ ಕರಗಿಸಿ ಹಾಕಬೇಕು. ಪಿಎಚ್ 6ರ ಸುತ್ತ ಇರಲಿ. ಎರಡು, ಮೂರನೇ ಶೀಷೆಗಳನ್ನು 60ರಿಂದ 70 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಡಿ.

ತಾಮ್ರದ ಶೀಷೆ ನೋಡುತ್ತಾ ಕೂರಬೇಕು. ಮೊದಲ ಕೆಲವು ನಿಮಿಷ ಏನೂ ಇಲ್ಲ. ಆಮೇಲೆ ಕಂದಿನ ಒಳಗಿಂದ ಹಸಿರು ಮೇಲೇಳುತ್ತದೆ, ನೋಡನೋಡುತ್ತಾ ಇಡೀ ಶೀಷೆ ನೀಲಿ ಮಿಶ್ರಿತ ಹಸಿರಾಗುತ್ತದೆ. ನಾನು ಎಷ್ಟು ಸಲ ಮಾಡಿದರೂ ಈ ಹೊತ್ತಿಗೆ ಬೇರೆ ಕೆಲಸಕ್ಕೆ ಏಳುವುದಿಲ್ಲ.

ಟಾರ್ಚ್ ಪರೀಕ್ಷೆ

ಇದನ್ನು ಬಿಡಲೇಬೇಡಿ. ನೋಟು ನೋಡುವ ಯುವಿ ಟಾರ್ಚ್ ತಂದು, ಕೋಣೆ ಕತ್ತಲೆ ಮಾಡಿ ನಾಲ್ಕೂ ಶೀಷೆಗೆ ಬೆಳಕು ಬಿಡಿ. ಸೊನ್ನೆ ನಂಬರು ರಕ್ತದಂತೆ ಕೆಂಪಾಗಿ ಹೊಳೆಯುತ್ತದೆ. ಲೋಹ ಇಲ್ಲದ ಒಂದನೆಯದೂ ಕೆಂಪು. ಸತುವಿನದೂ ಕೆಂಪು. ತಾಮ್ರದ್ದು ಮಾತ್ರ ಸತ್ತ ಹಾಗೆ ಕಪ್ಪಗೆ ಕೂತಿರುತ್ತದೆ, ಹಗಲಲ್ಲಿ ಎಲ್ಲಕ್ಕಿಂತ ಚಂದದ ಹಸಿರು ಅದೇ ಆಗಿದ್ದರೂ.

ಕೆಂಪು ಹೊಳಪು ಅಂದರೆ ಮೇಲೆದ್ದ ಎಲೆಕ್ಟ್ರಾನ್ ಸ್ವಲ್ಪ ಹೊತ್ತು ಅಲ್ಲೇ ಇದ್ದು, ಬೆಳಕು ಬಿಟ್ಟು ಕೆಳಗಿಳಿಯಿತು ಅಂತ. ತಾಮ್ರದ ಡಿ ಕಕ್ಷೆಯಲ್ಲಿ 9 ಎಲೆಕ್ಟ್ರಾನ್, ಒಂದು ಜಾಗ ಖಾಲಿ. ಆ ಖಾಲಿ ಜಾಗದ ದೆಸೆಯಿಂದ ಶಕ್ತಿ ಬಲು ಬೇಗ ಬಿಸಿಯಾಗಿ ಸೋರಿಹೋಗುತ್ತದೆ. ಸತುವಿನದು 10, ಪೂರ್ತಿ ತುಂಬಿದೆ, ಸೋರುವ ದಾರಿ ಇಲ್ಲ. ದೊಡ್ಡ ದಕ್ಷತೆಯ ಪಾರ್ಫಿರಿನ್ (ಸೊಪ್ಪಿನ ಹಸಿರಿನಂಥದೇ ಉಂಗುರದ) ಬಣ್ಣಗಳ ನಡುವೆ ತಾಮ್ರ ಬಿಟ್ಟು ಸತುವನ್ನೇ ಕೂರಿಸಿರುವುದು ಇದಕ್ಕೇ. 2011ರಲ್ಲಿ ಸತುವಿನ ಪಾರ್ಫಿರಿನ್ ಜೊತೆ ಕೋಬಾಲ್ಟ್ ದ್ರಾವಣ ಹಾಕಿ ನೂರಕ್ಕೆ 12.3 ದಕ್ಷತೆ ಮುಟ್ಟಿದರು, 2014ರಲ್ಲಿ ಎಸ್‌ಎಂ315 ಅನ್ನುವ ಬಣ್ಣದಿಂದ 13.

ಹಾಗಂತ ತಾಮ್ರದ ಶೀಷೆ ಚೆಲ್ಲಬೇಡಿ. ಟೈಟಾನಿಯಂಗೆ ಅಂಟಿದಾಗ ಎಲೆಕ್ಟ್ರಾನ್ ದಾಟುವುದೂ ಅತಿ ವೇಗವಾಗಿಯೇ, ಹಾಗಾಗಿ ಸೋರಿ ಹೋಗುವ ಮುಂಚೆ ಒಂದಷ್ಟು ದಾಟುತ್ತದೆ. ಅಲ್ಲದೆ ತಾಮ್ರ ಗಟ್ಟಿ, ಆಮ್ಲಕ್ಕೆ ಸುಲಭಕ್ಕೆ ಬಿಡುವುದಿಲ್ಲ. ಸತು ಸ್ವಲ್ಪ ಹುಳಿ ಕಂಡರೂ ಎದ್ದು ಹೋಗುತ್ತದೆ. ಸತು ಬಳಸುವವರು ಪದರದಲ್ಲಿ ಆಮ್ಲದ ಪಸೆ ಇರದ ಹಾಗೆ ನೋಡಿಕೊಳ್ಳಬೇಕು. ಎರಡೂ ಸೆಲ್ ಮಾಡಿ ಪಕ್ಕಪಕ್ಕ ಇಟ್ಟು ಅಳೆಯಿರಿ, ಒಳ್ಳೆಯ ಪ್ರಾಜೆಕ್ಟ್ ಅಂದರೆ ಅದು.

ರುಥೇನಿಯಂ ದಾರಿ

ಎನ್719 ತಯಾರಿಸುವುದು ನೈಟ್ರೋಜನ್ ಒಳಗೆ, ಕತ್ತಲಲ್ಲಿ, ರಿಫ್ಲಕ್ಸ್, ಕಾಲಂ ಅಂತ ದಿನಗಟ್ಟಲೆ ಕೆಲಸ. ಅನುಭವದ ಗೈಡ್ ಜೊತೆಗಿಲ್ಲದಿದ್ದರೆ ಕೊಂಡುಕೊಳ್ಳಿ. ದುಬಾರಿ, ಮಿಲಿಗ್ರಾಂ ಲೆಕ್ಕದಲ್ಲೇ ಬಳಸಬೇಕು. ಅದರ ಅಣುತೂಕ ಸುಮಾರು 1188. 0.3 ಮಿಲಿಮೋಲಾರ್ ದ್ರಾವಣ 50 ಮಿ.ಲೀ.ಗೆ 18 ಮಿ.ಗ್ರಾಂ ಸಾಕು. ಅಸಿಟೋನೈಟ್ರೈಲ್ ಮತ್ತು ಟರ್ಷರಿ ಬ್ಯುಟನಾಲ್ ಸಮ ಸಮ ಬೆರೆಸಿದ್ದರಲ್ಲಿ ಕರಗಿಸುವುದು ವಾಡಿಕೆ, ನೀರಿನ ಪಸೆ ಇಲ್ಲದ ಎಥನಾಲ್ ಕೂಡ ಆಗುತ್ತದೆ. ಟರ್ಷರಿ ಬ್ಯುಟನಾಲ್ 25 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ, ನಮ್ಮ ಚಳಿಗಾಲದ ಬೆಳಗ್ಗೆ ಬಾಟಲಿ ತೆಗೆದರೆ ಕೊಬ್ಬರಿ ಎಣ್ಣೆ ಹಾಗೆ ಗಟ್ಟಿ ಇರುತ್ತದೆ. ಹಾಳಾಗಿಲ್ಲ, ಉಗುರುಬೆಚ್ಚಗಿನ ನೀರಿನಲ್ಲಿ ಇಡಿ. ಅಸಿಟೋನೈಟ್ರೈಲ್ ವಿಷ, ಫ್ಯೂಮ್ ಹುಡ್ ಒಳಗೇ ಕೆಲಸ ಮಾಡಿ.

ಅದ್ದುವುದು, ಮತ್ತೆ ನಮ್ಮ ಮಳೆ

ನನ್ನ ಮೊದಲ ಬ್ಯಾಚ್ ಪೂರ್ತಿ ಕೆಟ್ಟಿದ್ದು ಇಲ್ಲಿ. ಜುಲೈ ತಿಂಗಳು, ಹೊರಗೆ ಜಡಿಮಳೆ. ಸುಟ್ಟ ಗಾಜುಗಳನ್ನು ರಾತ್ರಿ ಮೇಜಿನ ಮೇಲೆ ಬಿಟ್ಟು ಬೆಳಗ್ಗೆ ಬಂದು ಬಣ್ಣಕ್ಕೆ ಅದ್ದಿದೆ. ಮಾರನೇ ದಿನ ತೆಗೆದರೆ ಕಡು ಕೆಂಪು ಇರಬೇಕಾದ್ದು ತೆಳು ಗುಲಾಬಿ, ತೊಳೆದರೆ ಅದೂ ಇಲ್ಲ. ಆರು ಗಾಜು ಹೋಯಿತು. ಕಾರಣ ಸರಳ: ರಾತ್ರಿಯಿಡೀ ಸ್ಪಂಜು ಗಾಳಿಯ ತೇವ ಕುಡಿದು ತೂತೆಲ್ಲ ನೀರು ತುಂಬಿಕೊಂಡಿತ್ತು. ಬಣ್ಣಕ್ಕೆ ಜಾಗವೇ ಇರಲಿಲ್ಲ, ಅಂಟಿದ ಬಣ್ಣವನ್ನೂ ನೀರು ಎಬ್ಬಿಸುತ್ತದೆ.

ಹಾಗಾಗಿ ಮಲೆನಾಡಿನವರಿಗೆ ಇದು ಕಟ್ಟುನಿಟ್ಟಿನ ನಿಯಮ. ಗಾಜು ಒಲೆಯಿಂದ ಇಳಿದು 80 ಡಿಗ್ರಿಗೆ ಬಂದಾಗ, ಬಿಸಿ ಇರುವಾಗಲೇ ಬಣ್ಣದೊಳಗೆ ಮುಳುಗಿಸಿ. ಹಿಂದಿನ ದಿನ ಸುಟ್ಟದ್ದಾದರೆ ಮತ್ತೆ 450 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ. ಶೀಷೆಯ ಮುಚ್ಚಳ ಬಿಗಿ ಇರಲಿ, ಶೀಷೆಯನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯೊಳಗೆ ಇಡಿ. ಬೆಚ್ಚಗಿರುತ್ತದೆ ಅಂತ ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಅಲ್ಲಿಯ ಹೊಗೆಯ ಜಿಡ್ಡು ಪದರಕ್ಕೆ ಕೂರುತ್ತದೆ. ಸಾಧ್ಯವಾದರೆ ಕೆಲಸವನ್ನು ಡಿಸೆಂಬರಿನಿಂದ ಮಾರ್ಚ್ ನಡುವೆ ಇಟ್ಟುಕೊಳ್ಳಿ.

ಕತ್ತಲಲ್ಲಿ 16ರಿಂದ 24 ಗಂಟೆ ಅದ್ದಿಡಿ. ತೆಗೆದ ಮೇಲೆ ಅದೇ ದ್ರಾವಕದಿಂದ ತೊಳೆಯಿರಿ. ತೊಳೆದ ದ್ರಾವಕದಲ್ಲಿ ಬಣ್ಣ ಬರುವುದು ನಿಲ್ಲಬೇಕು. ಅಂಟದೆ ಸುಮ್ನೆ ರಾಶಿ ಬಿದ್ದ ಅಣುಗಳು ಬೆಳಕು ತಿನ್ನುತ್ತವೆ, ಕರೆಂಟು ಕೊಡುವುದಿಲ್ಲ. ಗಾಜಿನ ಹಿಂಬದಿಯಿಂದ ನೋಡಿ. ಅಲ್ಲೂ ಬಣ್ಣ ಸಮನಾಗಿ ಇದ್ದರೆ ತಳದ ತನಕ ಇಳಿದಿದೆ. ಬಿಳಿ ಚುಕ್ಕೆ ಕಂಡರೆ ಇನ್ನಷ್ಟು ಹೊತ್ತು ಬಿಡಿ.

ಎಷ್ಟು ಬಣ್ಣ ಅಂಟಿತು ಅಂತ ಗೊತ್ತಾಗಬೇಕಾ? ಎನ್719 ಹಾಕಿದ ಒಂದು ಗಾಜನ್ನು ಬಲಿ ಕೊಟ್ಟು 0.1 ಮೋಲಾರ್ ಕಾಸ್ಟಿಕ್ ಸೋಡಾದಲ್ಲಿ ಮುಳುಗಿಸಿ. ಬಣ್ಣ ಎಲ್ಲ ಬಿಟ್ಟುಕೊಳ್ಳುತ್ತದೆ, ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಅಳೆಯಿರಿ. ಮೇಲೆ ಹಾಕಿದ ಲೆಕ್ಕದ ಹತ್ತಿರ ಬಂದರೆ ನಿಮ್ಮ ಪದರ ಚೆನ್ನಾಗಿದೆ.

ಎದುರಿನ ಗಾಜು ಮತ್ತು ಅಯೋಡಿನ್

ಎದುರಿನ ಗಾಜಿಗೆ ಪ್ಲಾಟಿನಂ ಒಳ್ಳೆಯದು. ಕ್ಲೋರೋಪ್ಲಾಟಿನಿಕ್ ಆಮ್ಲದ 5 ಮಿಲಿಮೋಲಾರ್ ದ್ರಾವಣ ಒಂದೆರಡು ಹನಿ ಹರಡಿ 400 ಡಿಗ್ರಿಯಲ್ಲಿ 15 ನಿಮಿಷ ಕಾಯಿಸಿ. ಇಲ್ಲದಿದ್ದರೆ 6ಬಿ ಪೆನ್ಸಿಲಿನಿಂದ ಲೇಪನದ ಮುಖಕ್ಕೆ ದಟ್ಟವಾಗಿ ಗೀಚಿ, ಇಲ್ಲವೇ ಮೇಣದ ಬತ್ತಿಯ ಮಸಿ ಹಿಡಿಸಿ.

ದ್ರಾವಣಕ್ಕೆ 10 ಮಿ.ಲೀ. ಎಥಿಲೀನ್ ಗ್ಲೈಕಾಲ್, 0.83 ಗ್ರಾಂ ಪೊಟ್ಯಾಸಿಯಂ ಅಯೋಡೈಡ್, 0.127 ಗ್ರಾಂ ಅಯೋಡಿನ್. ನೀರು ಸೇರಿಸಬೇಡಿ. ಮೆಡಿಕಲ್ ಶಾಪಿನ ಟಿಂಚರ್, ಪೊವಿಡೋನ್ ಹಾಕಿ ಮಾಡಿದವರಿದ್ದಾರೆ, ಅದರಲ್ಲಿ ನೀರು ಇರುವುದರಿಂದ ನಾನು ಒಪ್ಪುವುದಿಲ್ಲ. ರುಥೇನಿಯಂ ಸೆಲ್‌ನಿಂದ ಪೂರ್ತಿ ಫಲ ಬೇಕಿದ್ದರೆ ಅಸಿಟೋನೈಟ್ರೈಲ್‌ನಲ್ಲಿ 0.5 ಮೋಲಾರ್ ಲಿಥಿಯಂ ಅಯೋಡೈಡ್, 0.05 ಅಯೋಡಿನ್, 0.5 ಟರ್ಷರಿ ಬ್ಯುಟೈಲ್ ಪಿರಿಡೀನ್. ಕೊನೆಯದು ವೋಲ್ಟೇಜ್ ಏರಿಸುತ್ತದೆ.

ಎರಡೂ ಗಾಜಿನ ಲೇಪನದ ಮುಖಗಳು ಒಂದಕ್ಕೊಂದು ಎದುರಾಗಲಿ. ತಂತಿಯ ಕ್ಲಿಪ್ ಹಾಕುವಷ್ಟು ಅಂಚು ಬಿಟ್ಟು ಸ್ವಲ್ಪ ಜರುಗಿಸಿ, ಎರಡು ಬೈಂಡರ್ ಕ್ಲಿಪ್ ಹಾಕಿ. ಸಂದಿಯಲ್ಲಿ ಒಂದು ಹನಿ ದ್ರಾವಣ ಬಿಟ್ಟರೆ ತಾನಾಗಿಯೇ ಒಳಗೆ ಎಳೆದುಕೊಳ್ಳುತ್ತದೆ. ಹೊರಗೆ ಉಳಿದದ್ದನ್ನು ಒರೆಸಿ. ಬಹಳ ದಿನ ಇಡುವುದಾದರೆ ನಡುವೆ ಸರ್ಲಿನ್ ಅನ್ನುವ, ಬಿಸಿಗೆ ಕರಗಿ ಅಂಟುವ ಪ್ಲಾಸ್ಟಿಕ್ ಹಾಳೆ ಇಟ್ಟು 110 ಡಿಗ್ರಿಯ ಆಸುಪಾಸಿನಲ್ಲಿ ಒತ್ತಿ ಮುಚ್ಚಬೇಕು.

ಅಳೆಯುವುದು

ಬೆಳಕು ಬಣ್ಣದ ಗಾಜಿನ ಕಡೆಯಿಂದ ಬೀಳಲಿ. ಬಣ್ಣದ ಗಾಜು ನೆಗೆಟಿವ್. ಮೊದಲು ತೆರೆದ ವೋಲ್ಟೇಜ್ (ಬೇರೇನೂ ಜೋಡಿಸದೆ), ಆಮೇಲೆ ನೇರ ಕರೆಂಟು (ನಡುವೆ ರೆಸಿಸ್ಟರ್ ಇಲ್ಲದೆ ಮೀಟರಿಗೇ ಜೋಡಿಸಿ). ನಂತರ 10 ಓಮ್‌ನಿಂದ 10,000 ಓಮ್ ತನಕ ಬೇರೆ ಬೇರೆ ರೆಸಿಸ್ಟರ್ ಹಾಕಿ ಪ್ರತಿ ಸಲ ವೋಲ್ಟೇಜ್ ಬರೆದುಕೊಳ್ಳಿ. ವೋಲ್ಟೇಜ್, ಕರೆಂಟು ಗುಣಿಸಿದಾಗ ಎಲ್ಲಿ ಜಾಸ್ತಿ ಬಂತೋ ಅದೇ ನಿಮ್ಮ ಸೆಲ್‌ನ ಶಕ್ತಿ. ಶುಭ್ರ ಬಿಸಿಲಿನ ಮಧ್ಯಾಹ್ನ ಒಂದು ಚದರ ಸೆಂ.ಮೀ.ಗೆ ಸುಮಾರು 100 ಮಿಲಿವ್ಯಾಟ್ ಬೀಳುತ್ತದೆ. ಉದಾಹರಣೆಗೆ ಒಂದು ಚದರ ಸೆಂ.ಮೀ. ಸೆಲ್‌ನಲ್ಲಿ 0.68 ವೋಲ್ಟ್, 12 ಮಿಲಿಆಂಪಿಯರ್, ಫಿಲ್ ಫ್ಯಾಕ್ಟರ್ (ಆ ಶಕ್ತಿಯನ್ನು ತೆರೆದ ವೋಲ್ಟೇಜ್ ಮತ್ತು ನೇರ ಕರೆಂಟಿನ ಗುಣಲಬ್ಧದಿಂದ ಭಾಗಿಸಿದ್ದು) 0.65 ಆದರೆ ಗುಣಿಸಿದಾಗ 5.3 ಮಿಲಿವ್ಯಾಟ್, ದಕ್ಷತೆ ನೂರಕ್ಕೆ 5.3. ರುಥೇನಿಯಂ ಸೆಲ್ ಚೆನ್ನಾಗಿ ಬಂದರೆ ಈ ಆಸುಪಾಸು. ಸೊಪ್ಪಿನ ಸೆಲ್‌ನಲ್ಲಿ 0.3ರಿಂದ 0.5 ವೋಲ್ಟ್, ಒಂದು ಮಿಲಿಆಂಪಿಯರ್ ಆಸುಪಾಸು ಬಂದರೂ ನಿಮ್ಮ ಕೈ ಚೆನ್ನಾಗಿದೆ ಅಂತಲೇ ಅರ್ಥ.

ಒಂದು ಎಚ್ಚರಿಕೆ. ಕಪ್ಪು ಕಾಗದದಲ್ಲಿ ಪದರಕ್ಕಿಂತ ಸ್ವಲ್ಪ ಚಿಕ್ಕ ಕಿಂಡಿ ಕತ್ತರಿಸಿ ಸೆಲ್ ಮುಂದೆ ಇಡಿ, ಆ ಕಿಂಡಿಯ ವಿಸ್ತೀರ್ಣದಿಂದಲೇ ಲೆಕ್ಕ ಮಾಡಿ. ಅದಿಲ್ಲದೆ ಅಳೆದರೆ ಪಕ್ಕದ ಗಾಜಿನಿಂದ ನುಸುಳಿದ ಬೆಳಕೂ ಸೇರಿ ದಕ್ಷತೆ ಸುಳ್ಳು ಸುಳ್ಳೇ ಏರುತ್ತದೆ. ಎಷ್ಟೋ ಪ್ರಾಜೆಕ್ಟ್ ವರದಿಗಳಲ್ಲಿ ಈ ತಪ್ಪು ನೋಡಿ ಬೇಜಾರಾಗುತ್ತದೆ, ಒಂದು ತುಂಡು ಕಾಗದದ ಕೆಲಸ.

ಮೋಡದ ದಿನವೂ ಅಳೆಯಿರಿ. ಚಾವಣಿಯ ಸಿಲಿಕಾನ್ ಪ್ಯಾನೆಲ್ ನೂರಕ್ಕೆ 20ರ ಮೇಲೆ ಕೊಡುವಾಗ ಈ ಸೆಲ್ ಅದಕ್ಕೆ ಎದುರು ನಿಲ್ಲುವುದಿಲ್ಲ, ನಿಲ್ಲಿಸಲೂ ಬಾರದು. ಆದರೆ ಮಂದ ಬೆಳಕಿನಲ್ಲಿ, ಎಲ್ಲ ದಿಕ್ಕಿನಿಂದ ಚದುರಿ ಬರುವ ಬೆಳಕಿನಲ್ಲಿ ಇದು ಅಷ್ಟಾಗಿ ಸೋಲುವುದಿಲ್ಲ. ತಾಮ್ರಕ್ಕೆ ಇಲ್ಲಿ ಬೇರೆಯೇ ಜಾಗ ಸಿಕ್ಕಿದೆ. 2017ರಲ್ಲಿ ಬಣ್ಣದ ಬದಲು ನಡುವಿನ ದ್ರಾವಣಕ್ಕೆ ತಾಮ್ರದ ಸಂಯುಕ್ತ ಹಾಕಿ, ಮನೆಯೊಳಗಿನ 1000 ಲಕ್ಸ್ ಬೆಳಕಿನಲ್ಲಿ ನೂರಕ್ಕೆ 28.9ರಷ್ಟು ದಕ್ಷತೆ ತೆಗೆದರು. ಆಗುಂಬೆ ಕಡೆಯ ಜೂನ್, ಜುಲೈ ಬೆಳಕಿಗೆ ಸಿಲಿಕಾನ್ ತುಂಡು ಮತ್ತು ನಿಮ್ಮ ಸೆಲ್ ಎರಡನ್ನೂ ಇಟ್ಟು, ಬಿಸಿಲಿನಲ್ಲಿ ಬಂದದ್ದರ ಎಷ್ಟು ಪಾಲು ಉಳಿಯಿತು ಅಂತ ಬರೆದಿಡಿ.

ಸರಿ ಬರಲಿಲ್ಲ ಅಂದರೆ

ವೋಲ್ಟೇಜ್ ಇದೆ, ಕರೆಂಟು ಇಲ್ಲ ಅಂದರೆ ಬಣ್ಣ ಅಂಟಿಲ್ಲ, ಅಥವಾ ಎದುರಿನ ಗಾಜಿನ ಪೆನ್ಸಿಲ್ ಪದರ ತೆಳು. ವೋಲ್ಟೇಜೂ ಇಲ್ಲ ಅಂದರೆ ಎರಡು ಗಾಜು ಒಳಗೆಲ್ಲೋ ಮುಟ್ಟುತ್ತಿವೆ, ಕ್ಲಿಪ್ ಸಡಿಲಿಸಿ ನೋಡಿ. ಮೊದಲ ದಿನ ಚೆನ್ನಾಗಿದ್ದು ಮೂರನೇ ದಿನ ಬಿದ್ದರೆ ದ್ರಾವಣ ಆವಿಯಾಗಿದೆ, ಇನ್ನೊಂದು ಹನಿ ಬಿಡಿ. ಬಣ್ಣವೇ ಮಾಸುತ್ತಾ ಬಂದರೆ ಅದು ಯುವಿ ಕೆಲಸ. ಟೈಟಾನಿಯಂ ಯುವಿ ಹೀರಿ ಪಕ್ಕದ ಬಣ್ಣವನ್ನೇ ಸುಡುತ್ತದೆ, ಕಾರಿನ ಗಾಜಿಗೆ ಅಂಟಿಸುವ ಪಾರದರ್ಶಕ ಯುವಿ ಫಿಲಂ ಮುಂದೆ ಇಡಿ. ಸತುವಿನ ಹಸಿರು ಮತ್ತೆ ಕಂದಿಗೆ ತಿರುಗಿದರೆ ಸತು ಎದ್ದು ಹೋಗಿದೆ. ಟಾರ್ಚಿನಲ್ಲಿ ಇದು ಗೊತ್ತಾಗುವುದಿಲ್ಲ, ಎರಡೂ ಕೆಂಪೇ ಹೊಳೆಯುತ್ತವೆ. ಹಗಲಿನಲ್ಲಿ ಬಿಳಿ ಕಾಗದದ ಮೇಲೆ ಇಟ್ಟು ನೋಡಿ.

ಉಳಿದದ್ದನ್ನು ಏನು ಮಾಡುವುದು

ತಾಮ್ರದ ನೀರನ್ನು ಹಳ್ಳಕ್ಕೆ, ಬಚ್ಚಲಿಗೆ ಚೆಲ್ಲಬೇಡಿ. ನಮ್ಮ ಹಳ್ಳಗಳೆಲ್ಲ ತುಂಗೆಗೋ ಭದ್ರೆಗೋ ಶರಾವತಿಗೋ ಸೇರುವಂಥವು, ಮೀನಿಗೆ ತಾಮ್ರ ವಿಷ. ಶೀಷೆಯನ್ನು ಬಯಲಲ್ಲಿ ತೆರೆದಿಟ್ಟು ಆಲ್ಕೋಹಾಲ್ ಆರಲು ಬಿಡಿ, ಉಳಿದದ್ದಕ್ಕೆ ನೀರು ಮತ್ತು ಸುಣ್ಣದ ತಿಳಿ ಹಾಕಿ ಒಂದು ರಾತ್ರಿ ಬಿಡಿ. ಬೋರ್ಡೋ ಸರಿಯಾಗಿದೆಯಾ ಅಂತ ನೋಡಲು ಕಬ್ಬಿಣದ ಕತ್ತಿ ಅದ್ದುತ್ತೇವಲ್ಲ, ಇಲ್ಲೂ ಅದನ್ನೇ ಮಾಡಿ. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಹತ್ತದಿದ್ದರೆ ತಳದ ಕೆಸರನ್ನು ಸೋಸಿ ಒಣಗಿಸಿ ಡಬ್ಬಿಗೆ ತುಂಬಿ, ಹೆಸರು ಬರೆದು ಲ್ಯಾಬಿನ ತ್ಯಾಜ್ಯದ ಜೊತೆ ಕೊಡಿ. ರುಥೇನಿಯಂ ದ್ರಾವಣವನ್ನು ಮಾತ್ರ ಎಸೆಯುವುದೇ ಬೇಡ. ಒಂದು ಸಲ ಅದ್ದಿದರೆ ಅದರಿಂದ ಖರ್ಚಾಗುವ ಬಣ್ಣ ಸ್ವಲ್ಪವೇ, ಕತ್ತಲಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಮುಂದಿನ ಬ್ಯಾಚಿಗೂ ಬರುತ್ತದೆ.